ಉಪ್ಪುಗಾಳಿಯ ಊರಲ್ಲಿ ಸ್ಟೀಲ್ ಪಾಲಿಶ್

ಸ್ಟೀಲ್‌ಗೆ ತುಕ್ಕು ಹಿಡಿಯುವುದಿಲ್ಲ ಅಂತ ಯಾರಾದರೂ ಹೇಳಿದರೆ ಅವರನ್ನು ಜನವರಿಯಲ್ಲಿ ಒಮ್ಮೆ ಕಾರವಾರಕ್ಕೆ ಕರೆದುಕೊಂಡು ಬನ್ನಿ. ಟ್ಯಾಗೋರ್ ಬೀಚಿನ ಹತ್ತಿರದ ಯಾವುದಾದರೂ ಮನೆಯ ಬಾಲ್ಕನಿಗೆ ಹತ್ತಿಸಿ, ರೇಲಿಂಗಿನ ಅಡಿಭಾಗವನ್ನು ಸವರಿ ನೋಡಲು ಹೇಳಿ. ಮೇಲಿನಿಂದ ಬೆಳ್ಳಗೆ ಕಾಣುವ ಪೈಪಿನ ಹೊಟ್ಟೆಯಲ್ಲಿ ಕಂದು ಕಲೆ ಇರುತ್ತದೆ, ಥೇಟ್ ಚಹಾದ ಬಣ್ಣ. ಬೆರಳಿಗೆ ಜಿಗಟು ಹತ್ತುತ್ತದೆ. ನಾಲಿಗೆಗೆ ತಾಗಿಸಿದರೆ ಉಪ್ಪು.

ನನ್ನ ವರ್ಕ್‌ಶಾಪ್ ಇರುವುದು ಕೋಡಿಬಾಗ ಕಡೆ. ರೇಲಿಂಗ್, ಗೇಟು, ಹೋಟೆಲಿನ ಟೇಬಲ್ಲು, ಬೋಟಿನ ಸಣ್ಣಪುಟ್ಟ ಸಾಮಾನು, ಇದೇ ನಮ್ಮ ಕೆಲಸ. ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಯಾವ ಪಾಲಿಶ್ ಹಚ್ಚಿದ್ರೆ ಹೊಳೀತದೆ?" ಕೆಲವರು ಆನ್‌ಲೈನಲ್ಲಿ ಹಸಿರು ಬಾರ್ (ಸೋಪಿನ ಗಟ್ಟಿಯಂಥ ಪಾಲಿಶ್) ತರಿಸಿಕೊಂಡು, ಡ್ರಿಲ್ ಮಷೀನಿಗೆ ಬಟ್ಟೆ ಚಕ್ರ ಸಿಕ್ಕಿಸಿ, ಒಂದು ಭಾನುವಾರ ಪೂರ್ತಿ ತಿಕ್ಕಿ, ಆಮೇಲೆ ಫೋನ್ ಮಾಡುತ್ತಾರೆ. ಹೊಳೆಯುತ್ತದೆ, ಆದರೆ ಬಿಸಿಲಿಗೆ ಹಿಡಿದರೆ ಗೀರು ಹಾಗೇ ಇದೆ ಅಂತಾರೆ. ಇರಲೇಬೇಕು. ಹೊಳಪಿನ ಮುಕ್ಕಾಲು ಕೆಲಸ ಬಾರ್ ಮುಟ್ಟುವ ಮೊದಲೇ, ಎಮರಿ ಪೇಪರಿನಲ್ಲೇ ಮುಗಿದಿರಬೇಕು. ಇದನ್ನು ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಈ ಬರಹದ ಲಿಂಕ್ ಕಳಿಸುತ್ತೇನೆ.

ಮೊದಲು, ನಮ್ಮೂರಲ್ಲಿ ಪಾಲಿಶ್ ಯಾಕೆ ಬೇಕು ಅನ್ನುವುದು. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಬೇಕಾದರೆ ಸ್ಟೀಲಿನಲ್ಲಿ ಕನಿಷ್ಠ ಶೇ. 10.5 ಕ್ರೋಮಿಯಂ ಇರಬೇಕು. ಈ ಕ್ರೋಮಿಯಂ ಗಾಳಿಯ ಆಮ್ಲಜನಕ ಹಿಡಿದುಕೊಂಡು ಮೈಮೇಲೆ ಒಂದು ಪೊರೆ ಕಟ್ಟುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪ, ಕಣ್ಣಿಗೆ ಕಾಣುವುದಿಲ್ಲ. ಗೀರು ಬಿದ್ದರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಇದರ ವೈರಿ ಕ್ಲೋರೈಡ್, ಅಂದರೆ ನಮ್ಮ ಸಮುದ್ರದ ಉಪ್ಪು. ಗಾಳಿಯಲ್ಲಿ ತೇಲಿ ಬಂದ ಉಪ್ಪು ಪೈಪಿನ ಮೇಲೆ ಕೂರುತ್ತದೆ. ರಾತ್ರಿಯ ತೇವ ಹೀರಿ ನೀರಾಗುತ್ತದೆ, ಹಗಲು ಒಣಗಿ ಇನ್ನೂ ಗಟ್ಟಿಯಾಗುತ್ತದೆ. ಮೈ ಒರಟಾಗಿದ್ದರೆ ಗೆರೆಗಳ ಒಳಗೆ ಅದಕ್ಕೆ ಖಾಯಂ ಜಾಗ ಸಿಕ್ಕಿತು. ಅಘನಾಶಿನಿ ಹೊಳೆ ದಡದ ಗಜನಿ ಗದ್ದೆಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಭರತದ (ಉಬ್ಬರದ) ನೀರು ಸಾಲು ಸಾಲಿನಲ್ಲಿ ನಿಂತ ಹಾಗೆ ನಿಲ್ಲುತ್ತದೆ. ನುಣುಪಾಗಿದ್ದರೆ ಒಂದು ಬಕೆಟ್ ನೀರಿಗೆ ಜಾರಿ ಹೋಗುತ್ತದೆ. ಸಮುದ್ರದ ಹತ್ತಿರ ಹಾಕುವ ಸ್ಟೀಲಿನ ಮೈಯ ಸರಾಸರಿ ಒರಟುತನ 0.5 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಒಳಗೆ ಇರಲಿ ಅನ್ನುವುದು ಈ ಉದ್ಯಮದವರು ಕೊಡುವ ಸಲಹೆ. ಅಳೆಯುವ ಮಷೀನು ನನ್ನ ಹತ್ತಿರ ಇಲ್ಲ. ಎಮರಿ ಪೇಪರಿನ ನಂಬರ್ ಹೆಚ್ಚಾದಷ್ಟೂ ಅದು ನುಣುಪು. 320 ನಂಬರಿನ ಪೇಪರಿನಲ್ಲಿ ಚೆನ್ನಾಗಿ ಮುಗಿಸಿದ ಮೈ ಸಾಮಾನ್ಯವಾಗಿ ಅದರೊಳಗೇ ಬರುತ್ತದೆ. 120ರಲ್ಲಿ ನಿಲ್ಲಿಸಿದ್ದು ಬರುವುದಿಲ್ಲ.

ಇನ್ನೊಂದು ಗಮನಿಸಿ. ಕಲೆ ಜಾಸ್ತಿ ಬರುವುದು ಮಳೆ ಹೊಡೆಯುವ ಕಡೆ ಅಲ್ಲ, ಸೂರಿನ ಕೆಳಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆರಾಯನೇ ಪುಕ್ಕಟೆ ತೊಳೆದು ಕೊಡುತ್ತಾನೆ. ಹಾಗಾಗಿ ಗಣೇಶ ಚೌತಿಗೆ ಬಂದು ನೋಡಿದವರಿಗೆ ರೇಲಿಂಗ್ ಹೊಸದರಂತೆ ಕಾಣುತ್ತದೆ. ಅವರೇ ಸಂಕ್ರಾಂತಿಗೆ ಬಂದರೆ "ಎಂತಾ ಮಾಲು ಹಾಕಿದ್ದೀಯಾ ಮಾರಾಯ" ಅಂತಾರೆ.

ಮಾಲಿನ ವಿಷಯ ಬಂತಲ್ಲ. 304, 316, 202 ಅನ್ನುವುದು ಸ್ಟೇನ್‌ಲೆಸ್ ಸ್ಟೀಲಿನ ಬೇರೆ ಬೇರೆ ಜಾತಿಯ ನಂಬರು. 304ರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್. 316ರಲ್ಲಿ ಅದರ ಜೊತೆಗೆ ಶೇ. 2ರಿಂದ 3 ಮಾಲಿಬ್ಡಿನಂ ಇರುತ್ತದೆ. ಉಪ್ಪಿಗೆ ತಡೆಯುವ ಶಕ್ತಿ ಅದರಿಂದಲೇ. 202ರಲ್ಲಿ ದುಬಾರಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ. ಪಾಲಿಶ್ ಮಾಡಿದ ದಿನ ಮೂರೂ ಒಂದೇ ಹೊಳಪು, ಅದೇ ತೊಂದರೆ. ಮ್ಯಾಗ್ನೆಟ್ ಹಿಡಿದು ಪರೀಕ್ಷೆ ಮಾಡುತ್ತೇನೆ ಅಂತ ಬರುವವರಿಗೆ ಹೇಳುತ್ತೇನೆ: ಮ್ಯಾಗ್ನೆಟ್ 202ಕ್ಕೂ ಹಿಡಿಯುವುದಿಲ್ಲ, 304ಕ್ಕೂ ಹಿಡಿಯುವುದಿಲ್ಲ. ಬಗ್ಗಿಸಿದ ಜಾಗದಲ್ಲಿ 304ಕ್ಕೂ ಸ್ವಲ್ಪ ಹಿಡಿಯಬಹುದು. ಅದರಿಂದ ಏನೂ ತಿಳಿಯುವುದಿಲ್ಲ. ಒಬ್ಬ ವ್ಯಾಪಾರಿ 304 ಅಂತ ಬಿಲ್ ಹಾಕಿ ಕಳಿಸಿದ ಪೈಪಿನ ಕಟ್ಟಿನಲ್ಲಿ 202 ಸೇರಿಸಿದ್ದು ಟೆಸ್ಟ್ ದ್ರಾವಣದ ಹನಿ ಬಿಟ್ಟಾಗಲೇ ಗೊತ್ತಾಗಿದ್ದು. ಆವತ್ತಿನಿಂದ ಲಾರಿಯಿಂದ ಇಳಿಸುವಾಗಲೇ ಪ್ರತಿ ಪೈಪಿನ ತುದಿಗೂ ಹನಿ ಬೀಳುತ್ತದೆ. 202ನ್ನು ಶಿರಸಿಯಲ್ಲೋ ಯಲ್ಲಾಪುರದಲ್ಲೋ ಮನೆಯೊಳಗಿನ ಮೆಟ್ಟಿಲಿಗೆ ಹಾಕಿ, ನನ್ನ ತಕರಾರಿಲ್ಲ. ಕಡಲ ಕಡೆಗೆ ಮುಖ ಮಾಡಿದ ಬಾಲ್ಕನಿಗೆ ಹಾಕಿ, ಮೇಲೆ ಎಂಥ ಹಸಿರು ಬಾರ್ ಉಜ್ಜಿದರೂ ಅದು ಒಂದು ಬೇಸಿಗೆಯ ಆಟ.

ಇನ್ನು ಕೆಲಸಕ್ಕೆ ಬರೋಣ. ಒಂದೇ ಒಂದು ಜಾಗ ತೆಗೆದುಕೊಳ್ಳುತ್ತೇನೆ: ರೇಲಿಂಗಿನ ಮೇಲೆ ಕೈ ಹಿಡಿಯುವ ಎರಡು ಇಂಚಿನ ಪೈಪು, ಮೂಲೆಯಲ್ಲಿ ಬೆಂಡು, ನಡುವೆ ಆರ್ಗಾನ್ ವೆಲ್ಡಿಂಗಿನ ಜಾಯಿಂಟು. ರೇಲಿಂಗ್ ಮಾಡಿದವನ ಕೈ ಹೇಗಿದೆ ಅಂತ ನೋಡಬೇಕಾದರೆ ನಾನು ಅಲ್ಲೇ ನೋಡುವುದು.

ವೆಲ್ಡಿಂಗ್ ಆದ ಮೇಲೆ ಜಾಯಿಂಟಿನ ಎರಡೂ ಕಡೆ ಬಣ್ಣದ ಪಟ್ಟೆ ಬಂದಿರುತ್ತದೆ. ತೆಳು ಹಳದಿ ಬಂದಿದ್ದರೆ ಅಲ್ಲಿ ಸುಮಾರು 290 ಡಿಗ್ರಿ ಆಗಿತ್ತು, ನೀಲಿ ಬಂದಿದ್ದರೆ 540ರ ಹತ್ತಿರ. ನೋಡಲು ಚೆಂದವೇ, ಆದರೆ ಆ ಬಣ್ಣದ ಕೆಳಗಿನ ಪದರದಲ್ಲಿ ಕ್ರೋಮಿಯಂ ಕಡಿಮೆಯಾಗಿರುತ್ತದೆ. ತುಕ್ಕು ಮೊದಲು ಶುರುವಾಗುವುದು ಅಲ್ಲೇ. ಅದನ್ನು ಪೂರ್ತಿ ತೆಗೆಯಬೇಕು. ಪಿಕ್ಲಿಂಗ್ ಪೇಸ್ಟ್ ಹಚ್ಚಿ ತೆಗೆಯಬಹುದು. ಆದರೆ ಅದರಲ್ಲಿ ನೈಟ್ರಿಕ್ ಆಸಿಡ್ ಜೊತೆ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ. ಚರ್ಮದ ಮೇಲೆ ಬಿದ್ದರೆ ಕೆಲವೊಮ್ಮೆ ಉರಿ ಗೊತ್ತಾಗುವುದೇ ತಡವಾಗಿ, ಅಷ್ಟರಲ್ಲಿ ಒಳಗೆ ಇಳಿದಿರುತ್ತದೆ. ಪಕ್ಕದಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ (ಆ ಆಸಿಡ್ ಬಿದ್ದ ಜಾಗಕ್ಕೆ ಹಚ್ಚುವ ಮದ್ದು) ಇಟ್ಟುಕೊಳ್ಳದೆ ಆ ಡಬ್ಬಿ ತೆರೆಯಬಾರದು. ಮನೆಯಲ್ಲಿ ಮಾಡಿಕೊಳ್ಳುವವರು ಅದರ ಗೊಡವೆಗೇ ಹೋಗಬೇಡಿ. ಉಜ್ಜಿಯೇ ತೆಗೆಯಿರಿ.

ಉಜ್ಜುವಾಗ ಬಿಸಿಯ ಲೆಕ್ಕ ಗೊತ್ತಿರಬೇಕು. ಸಾದಾ ಕಬ್ಬಿಣಕ್ಕೆ ಹೋಲಿಸಿದರೆ ಸ್ಟೇನ್‌ಲೆಸ್ ಬಿಸಿಯನ್ನು ಸುಮಾರು ಮೂರನೇ ಒಂದು ಭಾಗದಷ್ಟು ಮಾತ್ರ ಸಾಗಿಸುತ್ತದೆ. ಕಬ್ಬಿಣದಲ್ಲಾದರೆ ಬಿಸಿ ಪೈಪಿನುದ್ದಕ್ಕೂ ಹರಡಿ ಹೋಗುತ್ತದೆ, ಇಲ್ಲಿ ಉಜ್ಜಿದ ಜಾಗದಲ್ಲೇ ಕೂರುತ್ತದೆ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಅಂದರೆ ಡಿಸ್ಕಿನ ಅಂಚು ನಿಮಿಷಕ್ಕೆ 3,400 ಮೀಟರಿಗಿಂತ ಜಾಸ್ತಿ ಓಡುತ್ತಿರುತ್ತದೆ. ಅದನ್ನು ಒತ್ತಿ ಹಿಡಿದರೆ, ತೆಗೆಯಲು ಹೊರಟ ನೀಲಿ ಬಣ್ಣ ಮತ್ತೆ ನಿಮ್ಮ ಕೈಯಾರೆ ಬರುತ್ತದೆ. ಹಾಗಾಗಿ ಸ್ಪೀಡ್ ಕಡಿಮೆ ಮಾಡಲು ಬರುವ ಗ್ರೈಂಡರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹಗುರ ಕೈ, ಒಂದೇ ಕಡೆ ನಿಲ್ಲಿಸಬೇಡಿ, ಆಗಾಗ ಬಿಡಿ. ನಾನು ಹುಡುಗನಿಗೆ ಹೇಳುವುದು ಇಷ್ಟೇ: ಬರಿಗೈ ಇಟ್ಟರೆ ತಡೆಯುವಷ್ಟು ಬಿಸಿ ಇರುವವರೆಗೆ ಉಜ್ಜು, ತಡೆಯದಾದರೆ ಪಕ್ಕದ ಜಾಯಿಂಟಿಗೆ ಹೋಗು.

ವೆಲ್ಡಿಂಗಿನ ಉಬ್ಬು ಇಳಿಸುವಷ್ಟಕ್ಕೆ ಮಾತ್ರ 80ರ ಫ್ಲ್ಯಾಪ್ ಡಿಸ್ಕ್, ಅಂದರೆ ಎಮರಿ ಪಟ್ಟಿಗಳನ್ನು ಜೋಡಿಸಿದ ಗ್ರೈಂಡರ್ ಚಕ್ರ. ಪೈಪಿನ ಒಳ್ಳೆಯ ಮೈಗೆ ಅದನ್ನು ತಾಗಿಸಬೇಡಿ. ಕಂಪನಿಯಿಂದ ನುಣುಪಾಗಿ ಬಂದ ಪೈಪನ್ನು ಕೆಡಿಸಿ ಮತ್ತೆ ಸರಿ ಮಾಡುತ್ತಾ ಕೂರುವ ಕರ್ಮ ಯಾಕೆ? ಆಮೇಲೆ 120, 180, 240, 320, 400. ಕನ್ನಡಿ ಹೊಳಪು ಬೇಕಾದರೆ 600ವರೆಗೆ. ಒಂದು ನಂಬರಿನಿಂದ ಮುಂದಿನದಕ್ಕೆ ಒಂದೂವರೆ ಪಟ್ಟು ಹೋಗಬಹುದು, ತೀರಾ ಅವಸರವಾದರೆ ಎರಡು ಪಟ್ಟು. ಅದಕ್ಕಿಂತ ಜಿಗಿದರೆ ಹಿಂದಿನ ಗೆರೆ ಒಳಗೇ ಉಳಿಯುತ್ತದೆ.

ಉಳಿದಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಪ್ರತಿ ನಂಬರಿಗೂ ದಿಕ್ಕು ಬದಲಿಸಿ. 120ರಲ್ಲಿ ಪೈಪಿನ ಸುತ್ತ ಅಡ್ಡಕ್ಕೆ ಉಜ್ಜಿದರೆ 180ರಲ್ಲಿ ಉದ್ದಕ್ಕೆ ಉಜ್ಜಿ. ಅಡ್ಡ ಗೆರೆ ಒಂದಾದರೂ ಕಣ್ಣಿಗೆ ಬಿದ್ದರೆ ಅದು ಹಳೆಯ 120ರದ್ದು, ಕೆಲಸ ಮುಗಿದಿಲ್ಲ ಅಂತ ಅರ್ಥ. ಪೂರ್ತಿ ಮಾಯವಾದ ಮೇಲೆ ಇನ್ನೂ ಸ್ವಲ್ಪ ಹೊತ್ತು ಉಜ್ಜಿ, ಯಾಕೆಂದರೆ ಗೆರೆಯ ಬಾಯಿ ಮುಚ್ಚಿದರೂ ತಳ ಉಳಿದಿರಬಹುದು. ನಂಬರ್ ಬದಲಿಸುವ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ. 120ರ ಒಂದೇ ಒಂದು ಹರಳು ಪೈಪಿನ ಮೇಲೆ ಉಳಿದು 400ರ ಪೇಪರಿನ ಕೆಳಗೆ ಸಿಕ್ಕಿತೋ, ಒಂದೇ ಎಳೆತಕ್ಕೆ ಉದ್ದನೆಯ ಗೀರು. ಆಗ ಮತ್ತೆ 180ಕ್ಕೆ ಇಳಿಯಬೇಕು. ಗೀರನ್ನು ಬೆಳಕಿನಲ್ಲಿ ಹುಡುಕುವುದಕ್ಕೂ ಒಂದು ರೀತಿ ಇದೆ. ಟ್ಯೂಬ್‌ಲೈಟಿನ ಪ್ರತಿಬಿಂಬ ಪೈಪಿನ ಮೇಲೆ ಬೀಳುವಂತೆ ಹಿಡಿದು, ಪೈಪನ್ನು ನಿಧಾನ ತಿರುಗಿಸಿ. ಪ್ರತಿಬಿಂಬದ ಅಂಚು ಎಲ್ಲಿ ಹರಿದಂತೆ ಕಾಣುತ್ತದೋ ಅಲ್ಲಿ ಮಾರ್ಕರ್ ಪೆನ್ನಿನಿಂದ ಗುರುತು ಹಾಕಿ. ನೇರವಾಗಿ ನೋಡಿದರೆ ಎಂಥ ಗೀರೂ ಅಡಗಿಕೊಳ್ಳುತ್ತದೆ.

ಇಷ್ಟಾದ ಮೇಲೆ ಬಾರ್. ಅಂಗಡಿಯಲ್ಲಿ ಸೋಪು ಅಂತಲೂ ಕೇಳುತ್ತಾರೆ. ಮೇಣ, ಕೊಬ್ಬಿನಂಥ ಜಿಡ್ಡಿನಲ್ಲಿ ಉಜ್ಜುವ ಪುಡಿ ಕಲಸಿ ಅಚ್ಚು ಹೊಯ್ದಿರುತ್ತಾರೆ, ಅಷ್ಟೇ. ಬಣ್ಣ ನೋಡಿ ಆರಿಸಬೇಡಿ, ಒಳಗಿನ ಪುಡಿ ಯಾವುದು ಅಂತ ಕೇಳಿ ಆರಿಸಿ. ಒಂದೊಂದು ಕಂಪನಿಯ ಬಣ್ಣ ಒಂದೊಂದು ಥರ.

ಸಾಮಾನ್ಯವಾಗಿ ಸಿಗುವುದು ಹೀಗೆ. ಕಪ್ಪು ಬಾರ್‌ನಲ್ಲಿ ಎಮರಿ ಇರುತ್ತದೆ, ಒರಟು. ಪೇಪರಿನ ಕೆಲಸ ನೆಟ್ಟಗೆ ಮಾಡಿದ್ದರೆ ಅದರ ಅಗತ್ಯವೇ ಬರುವುದಿಲ್ಲ. ನಾನಂತೂ ಇಟ್ಟಿಲ್ಲ. ಕಂದು ಬಣ್ಣದ್ದು ಟ್ರಿಪೋಲಿ, ಒಳಗೆ ಸಿಲಿಕಾ. ಹಿತ್ತಾಳೆ, ಅಲ್ಯೂಮಿನಿಯಂಗೆ ತುಂಬ ಒಳ್ಳೆಯದು. ದೇವರ ದೀಪ ತಂದವರಿಗೆ ಅದರಲ್ಲೇ ಮಾಡಿಕೊಡುತ್ತೇನೆ. ಸ್ಟೇನ್‌ಲೆಸ್ ಮೇಲೆ ಅದು ಜಿಡ್ಡು ಬಳಿಯುತ್ತದೆಯೇ ಹೊರತು ಕತ್ತರಿಸುವುದಿಲ್ಲ. ಕೆಂಪು ಬಾರ್ ಸೊನಗಾರರದ್ದು, ಐರನ್ ಆಕ್ಸೈಡ್. ಚಿನ್ನ ಬೆಳ್ಳಿಗೆ ಅದು ಸರಿ. ಸ್ಟೇನ್‌ಲೆಸ್‌ಗೆ ತೀರಾ ಮೆತ್ತಗಾಯಿತು, ಮೇಲಾಗಿ ಕಬ್ಬಿಣದ ಅಂಶವನ್ನು ನಾವೇ ಯಾಕೆ ಒರೆಸಬೇಕು?

ನಮಗೆ ಬೇಕಾದವು ಎರಡೇ. ಬಿಳಿ ಮತ್ತು ಹಸಿರು. ಸ್ಟೀಲಿಗೆ ಅಂತ ಬರುವ ಬಿಳಿ ಬಾರ್‌ನಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಇರುತ್ತದೆ. ಗಡಸುತನದ ಮೋಸ್ ಅಳತೆಯಲ್ಲಿ 9, ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ. 400ರ ಅಥವಾ 600ರ ಗೆರೆ ಕತ್ತರಿಸಿ ತೆಗೆಯುವುದು ಇದರ ಕೆಲಸ. ಹಸಿರು ಬಾರ್‌ನದ್ದು ಕ್ರೋಮಿಯಂ ಆಕ್ಸೈಡ್, ಬಹಳ ನುಣ್ಣನೆಯ ಪುಡಿ. ಒಳ್ಳೆಯ ಬಾರ್‌ನಲ್ಲಿ ಒಂದೊಂದು ಕಣ ಒಂದು ಮೈಕ್ರಾನಿಗಿಂತ ಚಿಕ್ಕದು. ಕೊನೆಯ ಹೊಳಪು, ಆ ಸ್ವಲ್ಪ ನೀಲಿ ಛಾಯೆಯ ಆಳ, ಅದರಿಂದ ಬರುತ್ತದೆ. ಈಗ ಲೆಕ್ಕ ಹಾಕಿ. 80ರ ಪೇಪರಿನ ಹರಳು ಸುಮಾರು 200 ಮೈಕ್ರಾನ್. ಅದು ಕೊರೆದ ಸಾಲನ್ನು ಒಂದು ಮೈಕ್ರಾನ್ ಕೂಡ ಇಲ್ಲದ ಪುಡಿಯಿಂದ ತೆಗೆಯಲು ಹೊರಟರೆ ಯಾವ ಕಾಲಕ್ಕೆ ಮುಗಿದೀತು? ಮುಗಿಯುವುದಿಲ್ಲ. ಬಟ್ಟೆ ಚಕ್ರ ಸಾಲಿನ ಏಣುಗಳನ್ನು ದುಂಡು ಮಾಡುತ್ತದೆ, ದುಂಡಾದ ಏಣು ಹೊಳೆಯುತ್ತದೆ, ಸಾಲು ಹಾಗೇ ಇರುತ್ತದೆ. ಭಾನುವಾರ ತಿಕ್ಕಿದವರ ಕಥೆ ಇದೇ.

ಬಿಳಿ ಬಾರ್‌ಗೆ ಸೈಸಲ್ ಬಫ್, ಅಂದರೆ ಕತ್ತಾಳೆ ನಾರಿನ ಚಕ್ರ. ಗಟ್ಟಿ ಇರುತ್ತದೆ, ಕತ್ತರಿಸುತ್ತದೆ. ಸೈಸಲ್ ಆದ ಮೇಲೆ ಹತ್ತಿರ ಹತ್ತಿರ ಹೊಲಿಗೆ ಹಾಕಿದ ಬಟ್ಟೆ ಬಫ್, ಅದಕ್ಕೂ ಬಿಳಿಯೇ. ಹಸಿರಿಗೆ ನಡುವೆ ಒಂದೇ ಸುತ್ತು ಹೊಲಿಗೆ ಇರುವ ಸಡಿಲ ಬಟ್ಟೆ ಬಫ್. ಒಂದು ಬಫ್‌ಗೆ ಒಂದೇ ಬಾರ್. ಬಿಳಿ ತಿಂದ ಬಫ್‌ಗೆ ಹಸಿರು ಹಚ್ಚಿದರೆ ಅದು ಬಿಳಿಯ ಕೆಲಸವನ್ನೇ ಮಾಡುತ್ತದೆ. ನಮ್ಮಲ್ಲಿ ಗೋಡೆಯ ಮೊಳೆಗಳಿಗೆ ಬಣ್ಣ ಬಳಿದು ಬೇರೆ ಬೇರೆ ನೇತು ಹಾಕಿದ್ದೇವೆ. ಮಳೆಗಾಲದಲ್ಲಿ ಬಟ್ಟೆ ಬಫ್ ತೇವ ಎಳೆದುಕೊಂಡು ಭಾರವಾಗುತ್ತದೆ, ಬಾರ್ ಅಂಟುವುದೇ ಇಲ್ಲ. ಹಿಂದಿನ ರಾತ್ರಿ ಒಂದು ಬಲ್ಬಿನ ಕೆಳಗೆ ಇಟ್ಟರೆ ಬೆಳಿಗ್ಗೆ ಸರಿಯಾಗಿರುತ್ತದೆ.

ಚಕ್ರದ ಅಳತೆಯೂ ಲೆಕ್ಕಕ್ಕೆ ಬರುತ್ತದೆ. ನನ್ನ ಬಫಿಂಗ್ ಮೋಟಾರು 2,800 ಸುತ್ತಿನದ್ದು. ಆರಿಂಚಿನ ಬಫ್ ಹಾಕಿದರೆ ಅಂಚಿನ ವೇಗ ನಿಮಿಷಕ್ಕೆ ಸುಮಾರು 1,300 ಮೀಟರ್. ಅದೇ ಮೋಟಾರಿಗೆ ಹತ್ತಿಂಚಿನದ್ದು ಹಾಕಿದರೆ 2,200 ಮೀಟರ್. ಗಡಸು ಸ್ಟೀಲನ್ನು ಕತ್ತರಿಸಲು ಆ ವೇಗ ಬೇಕು. ಡ್ರಿಲ್ ಮಷೀನಿಗೆ ಸಿಕ್ಕಿಸಿದ ಮೂರಿಂಚಿನ ಬಫ್ ಎಷ್ಟು ಹೊತ್ತು ತಿರುಗಿದರೂ ಯಾಕೆ ಕೆಲಸ ಆಗುವುದಿಲ್ಲ ಅಂತ ಇದರಲ್ಲೇ ಉತ್ತರ ಇದೆ. ಆದರೆ ಬಫ್ ಮೇಲೆ ಬರೆದ ಗರಿಷ್ಠ ಸುತ್ತಿನ ನಂಬರ್ ನೋಡದೆ ದೊಡ್ಡದನ್ನು ಏರಿಸಬೇಡಿ.

ಬಾರ್ ಹಚ್ಚುವುದರಲ್ಲಿ ಎಲ್ಲರೂ ಧಾರಾಳಿಗಳು. ತಿರುಗುವ ಬಫ್‌ಗೆ ಒಂದು ಕ್ಷಣ ತಾಗಿಸಿ ತೆಗೆದರೆ ಸಾಕು. ಕಡಿಮೆ ಹಚ್ಚಿ, ಪದೇ ಪದೇ ಹಚ್ಚಿ. ಜಾಸ್ತಿಯಾದರೆ ಪೈಪಿನ ಮೇಲೆ ಕಪ್ಪು ಜಿಡ್ಡಿನ ಪಟ್ಟೆ ಬೀಳುತ್ತದೆ, ಚಕ್ರ ಜಾರುತ್ತದೆ, ನೀವು ಇನ್ನೂ ಒತ್ತುತ್ತೀರಿ, ಬಿಸಿಯಾಗುತ್ತದೆ. ತೀರಾ ಕಡಿಮೆಯಾದರೆ ಬಟ್ಟೆ ಸುಟ್ಟ ವಾಸನೆ ಬರುತ್ತದೆ. ಬಫ್ ಗಟ್ಟಿಯಾಗಿ ಮಿಂಚತೊಡಗಿದರೆ ಒಂದು ಹಳೆಯ ಗರಗಸದ ಬ್ಲೇಡಿನ ಹಲ್ಲಿನಿಂದ ಅದರ ಮುಖ ಕೆರೆದು, ಹಳೇ ಜಿಡ್ಡು ಉದುರಿಸಿ, ಹೊಸದಾಗಿ ಹಚ್ಚಿ. ಬಿಳಿಯಲ್ಲಿ ಕತ್ತರಿಸುವಾಗ ಚಕ್ರ ತಿರುಗುವ ದಿಕ್ಕಿಗೆ ಎದುರಾಗಿ ಪೈಪು ಎಳೆಯಬೇಕು, ಸ್ವಲ್ಪ ಭಾರ ಕೊಟ್ಟು. ಹಸಿರಿನಲ್ಲಿ ಚಕ್ರದ ಜೊತೆಗೇ ಹೋಗಬೇಕು, ಹಗುರವಾಗಿ, ಸವರಿದ ಹಾಗೆ. ಇದನ್ನು ನನಗೆ ಹೇಳಿಕೊಟ್ಟ ಹುಬ್ಬಳ್ಳಿಯ ಮೇಸ್ತ್ರಿ ಕಿವಿಯಿಂದಲೇ ಗುರುತಿಸುತ್ತಿದ್ದರು. ಕತ್ತರಿಸುವಾಗ ಕರಕರ ಸದ್ದು ಇರಬೇಕು, ಹೊಳಪು ಕೊಡುವಾಗ ಬರೀ ಗಾಳಿಯ ಸದ್ದು. ಬೇರೆ ಸದ್ದು ಬಂದರೆ ಅವರು ಚಹಾ ಕುಡಿಯುತ್ತಾ ಕೂತಲ್ಲಿಂದಲೇ "ಏ, ಕೈ ತೆಗಿಯೋ" ಅನ್ನುತ್ತಿದ್ದರು.

ಬಿಳಿ ಮುಗಿದು ಹಸಿರು ಶುರು ಮಾಡುವ ಮೊದಲು, ಮತ್ತೆ ಹಸಿರು ಮುಗಿದ ಮೇಲೆ, ಚಾಕ್ ಪೌಡರ್ ಉದುರಿಸಿ ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಜಿಡ್ಡನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಜಿಡ್ಡು ಉಳಿದರೆ ಹೊಳಪು ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ. ಗಿರಾಕಿ ಹಣ ಕೊಟ್ಟು ಹೋದ ಮೇಲೆ ನಿಜ ಬಣ್ಣ ಹೊರಗೆ ಬರುತ್ತದೆ. ಕೆಲವರಿಗೆ ಅದೇ ಅನುಕೂಲ ಬಿಡಿ.

ಎಲ್ಲಕ್ಕೂ ಕನ್ನಡಿ ಹೊಳಪು ಬೇಕಾ? ಇದರ ಬಗ್ಗೆ ನಿವೃತ್ತ ಅಕ್ಕೋರೊಬ್ಬರ (ಟೀಚರ್) ಜೊತೆ ಅವರ ಮನೆ ಜಗಲಿಯಲ್ಲೇ ದೊಡ್ಡ ಚರ್ಚೆ ಆಗಿತ್ತು. "ತಮ್ಮಾ, ಪಕ್ಕದ ಮನೆಯವ್ರದ್ದಕ್ಕಿಂತ ಜಾಸ್ತಿ ಹೊಳೀಬೇಕು ನೋಡು" ಅಂದರು. "ಆಯ್ತು ಅಕ್ಕೋರೆ, ಬಾಲ್ಕನಿಗೆ ಕನ್ನಡಿ ಮಾಡ್ತೇನೆ. ಒಳಗಿನ ಮೆಟ್ಟಿಲಿಗೆ ಬೇಡ" ಅಂದೆ. "ಯಾಕೆ? ಒಳಗೆ ಬರೋ ನೆಂಟರು ನೋಡೂದು ಮೆಟ್ಟಿಲನ್ನೇ ಅಲ್ವಾ?" ನೆಂಟರ ಬಳೆ, ಮೊಮ್ಮಕ್ಕಳ ಆಟಿಕೆ, ಮೇಲೆ ಸಾಗಿಸುವ ಕಪಾಟು, ಎಲ್ಲ ತಾಗುವುದೂ ಆ ಮೆಟ್ಟಿಲ ರೇಲಿಂಗಿಗೇ ಅಂತ ಹೇಳಿದೆ. ಕನ್ನಡಿಯ ಮೇಲೆ ಒಂದು ಗೀರು ಬಿದ್ದರೆ ಊರಿಗೆಲ್ಲ ಕಾಣುತ್ತದೆ, ಸರಿ ಮಾಡಲು ಮತ್ತೆ 400ರಿಂದ ಶುರು. ಹೇರ್‌ಲೈನ್ ಫಿನಿಶ್ ಆದರೆ ಎಲ್ಲ ಗೆರೆಯೂ ಒಂದೇ ದಿಕ್ಕಿಗೆ ಇರುತ್ತವೆ. ಗೀರು ಬಿದ್ದ ಜಾಗವನ್ನು ನೈಲಾನ್ ನಾರಿನ ಪ್ಯಾಡಿನಿಂದ ಅದೇ ದಿಕ್ಕಿಗೆ ನಾಲ್ಕು ಸಲ ಎಳೆದರೆ ಸೇರಿ ಹೋಗುತ್ತದೆ. ಯಾರು ಬೇಕಾದರೂ ಮಾಡಬಹುದು. ಎಳೆಯುವಾಗ ನಡುವೆ ನಿಲ್ಲಿಸಬಾರದು, ಈ ತುದಿಯಿಂದ ಆ ತುದಿಗೆ ಒಂದೇ ಎಳೆತ.

ಬಾಲ್ಕನಿಯ ಮಾತು ಬೇರೆ. ಕಡಲಿನ ಎದುರು ನಿಂತಿರುವುದಕ್ಕೆ ಮೈ ಎಷ್ಟು ನುಣುಪಾದರೆ ಅಷ್ಟು ಒಳ್ಳೆಯದು. ಅಲ್ಲಿ ಕನ್ನಡಿ ಹೊಳಪು ಶೋಕಿ ಅಲ್ಲ. ಬಜೆಟ್ ಸಾಲದೆ ಅಲ್ಲೂ ಹೇರ್‌ಲೈನ್ ಮಾಡುವುದಾದರೆ, ನಿಂತ ಕಂಬಗಳ ಗೆರೆ ಮೇಲಿನಿಂದ ಕೆಳಗೆ ಇರಲಿ. ನೀರಿನ ಜೊತೆ ಉಪ್ಪು ಇಳಿದು ಹೋಗುತ್ತದೆ. ಗ್ರೈಂಡರ್ ಹಿಡಿಯಲು ಸುಲಭ ಅಂತ ಕಂಬದ ಸುತ್ತ ಅಡ್ಡ ಗೆರೆ ಹೊಡೆದು ಹೋಗುವವರು ಬಹಳ ಇದ್ದಾರೆ. ನಿಂತು ಮಾಡಿಸಿಕೊಳ್ಳಿ.

ಕನ್ನಡಿ ಬೇಡವೇ ಬೇಡ ಅನ್ನುವ ಕೆಲಸವೂ ಇದೆ. ಶಿರಸಿ ಕಡೆಯ ಹೆಗಡೆಯವರೊಬ್ಬರು ಆಲೆಮನೆಗೆ ಜೋನಿ ಬೆಲ್ಲ ಕಾಯಿಸುವ ಸ್ಟೀಲ್ ಕೊಪ್ಪರಿಗೆಯನ್ನು ದೇವಿಮನೆ ಘಾಟಿ ಇಳಿಸಿ ತಂದಿದ್ದರು. ಒಳಗೆ ವೆಲ್ಡಿಂಗ್ ಜಾಯಿಂಟಿನ ಹತ್ತಿರ ಪ್ರತಿ ವರ್ಷ ಬೆಲ್ಲ ಹಿಡಿದು ಸೀದು ಹೋಗುತ್ತಿತ್ತು. "ಪೂರಾ ಫಳಫಳ ಮಾಡಿಬಿಡಿ" ಅಂದರು. ಜೋನಿ ಬೆಲ್ಲ ಮುಖ ನೋಡಿಕೊಳ್ಳುವುದಿಲ್ಲವಲ್ಲ ಹೆಗಡೇರೆ ಅಂದೆ. ತೊಂದರೆ ಇದ್ದದ್ದು ಜಾಯಿಂಟಿನ ಸಣ್ಣ ಸಣ್ಣ ಕುಳಿಗಳಲ್ಲಿ. ಆ ಕುಳಿ ತುಂಬಿಸಿ, ಉಬ್ಬು ಇಳಿಸಿ, ಜಾಯಿಂಟನ್ನು 320ವರೆಗೆ ತಂದು, ಅಲ್ಲಿಗೇ ನಿಲ್ಲಿಸಿದೆ. ಬಾರ್ ಮುಟ್ಟಿಸಲೇ ಇಲ್ಲ. ತಿನ್ನುವ ಪದಾರ್ಥ ಬೀಳುವ ಪಾತ್ರೆಗೆ ಬಾರ್ ಹಾಕಿದರೆ ಅದರ ಜಿಡ್ಡು ಪೂರ್ತಿ ಹೋಗುವವರೆಗೆ ಬಿಸಿನೀರು, ಸೋಪಿನಲ್ಲಿ ತೊಳೆಯಬೇಕು. ಮೂಲೆ ಮೂಲೆಯಲ್ಲಿ ಕೂತದ್ದು ಹೋಗುವುದು ಕಷ್ಟ. ಕೊಪ್ಪರಿಗೆಯ ತಳ ಹೇಗೂ ಒಲೆಯ ಮೇಲೆ ಕಪ್ಪಾಗುತ್ತದೆ, ಅದಕ್ಕೆ ಪಾಲಿಶ್ ಮಾಡಿ ದುಡ್ಡು ತೆಗೆದುಕೊಳ್ಳುವುದು ಮೋಸವೇ ಸರಿ.

ಬೈತಖೋಲದ ಬೋಟಿನವರು ಬರುವುದು ಮೀನುಗಾರಿಕೆ ನಿಷೇಧದ ಕಾಲಕ್ಕೆ, ಜೂನ್ 1ರಿಂದ ಜುಲೈ 31ರೊಳಗೆ. ಅವರದ್ದು ಎಲ್ಲ ಅರ್ಜೆಂಟು. ಅವರಿಗೆ ಹೇಳುವುದು ಎರಡೇ ಮಾತು: 316 ಹಾಕಿಸಿ, ಜಾಯಿಂಟಿನಲ್ಲಿ ಸಂದು ಬಿಡಿಸಬೇಡಿ. ಸಂದಿನೊಳಗೆ ಉಪ್ಪುನೀರು ನಿಂತರೆ ಹೊರಗಿನ ಹೊಳಪು ಯಾವ ಉಪಯೋಗಕ್ಕೂ ಇಲ್ಲ.

ಪಾಲಿಶ್ ಮುಗಿದ ಮೇಲಿನ ಒಂದು ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಒಂದೇ ಶೆಡ್ಡಿನಲ್ಲಿ ಕಬ್ಬಿಣದ ಗೇಟನ್ನೂ ಗ್ರೈಂಡ್ ಮಾಡಿದರೆ ಅದರ ಕಿಡಿ ಹಾರಿ ಬಂದು ಸ್ಟೀಲಿನ ಮೇಲೆ ಅಂಟುತ್ತದೆ. ಕಬ್ಬಿಣಕ್ಕೆ ಬಳಸಿದ ಡಿಸ್ಕನ್ನೇ ಸ್ಟೀಲಿಗೂ ಬಳಸಿದರೆ ಕಥೆಯೇ ಬೇಡ. ಮೊದಲ ಮಳೆಗೆ ಚುಕ್ಕಿ ಚುಕ್ಕಿ ತುಕ್ಕು. ನಮ್ಮಲ್ಲಿ ಕಬ್ಬಿಣದ ಕೆಲಸ ಹಿತ್ತಲಲ್ಲಿ, ಸ್ಟೀಲ್ ಕೆಲಸ ಮುಂದೆ. ಡಿಸ್ಕು, ಬ್ರಷ್ಷು ಎಲ್ಲ ಬೇರೆ ಬೇರೆ. ಅಷ್ಟಾದರೂ ಕಣ ಉಳಿದಿರುತ್ತದೆ. ಅದಕ್ಕೆ ಸಿಟ್ರಿಕ್ ಆಸಿಡ್. ಲೀಟರ್ ನೀರಿಗೆ 70 ಗ್ರಾಂ ಪುಡಿ ಕರಗಿಸಿ, ಹತ್ತಿ ಬಟ್ಟೆ ಅದ್ದಿ ಪೈಪಿಗೆ ಸುತ್ತಿ, ಅರ್ಧ ಗಂಟೆ ಒಣಗದಂತೆ ನೋಡಿಕೊಳ್ಳಿ. ಆಮೇಲೆ ಒಳ್ಳೆಯ ನೀರಿನಲ್ಲಿ ತೊಳೆದು ಒರೆಸಿ. ಎಎಸ್‌ಟಿಎಂ ಎ967 ಅನ್ನುವ ಮಾನದಂಡದಲ್ಲಿರುವ ಒಂದು ವಿಧಾನಕ್ಕೆ 4ರಿಂದ 10 ಶೇಕಡಾ ಸಿಟ್ರಿಕ್ ಆಸಿಡ್, 21ರಿಂದ 49 ಡಿಗ್ರಿ ಬಿಸಿ, ಕನಿಷ್ಠ 20 ನಿಮಿಷ ಸಾಕು. ಕಾರವಾರದ ಹವೆಯಲ್ಲಿ ನೀರು ಕಾಯಿಸುವುದೂ ಬೇಕಿಲ್ಲ. ವೆಲ್ಡಿಂಗಿನ ನೀಲಿ ಬಣ್ಣ ಮಾತ್ರ ಇದರಿಂದ ಹೋಗುವುದಿಲ್ಲ, ಅದನ್ನು ಮೊದಲೇ ಉಜ್ಜಿರಬೇಕು.

ಮನೆಯಲ್ಲಿ ಮಾಡುವವರಿಗೆ ಎಚ್ಚರಿಕೆ. ಬಫಿಂಗ್ ಚಕ್ರಕ್ಕೆ ಹಲ್ಲಿಲ್ಲ ಅಂತ ಸಲಿಗೆ ಬೇಡ. ನಿಮ್ಮ ಕಡೆಗೆ ಇಳಿದು ಬರುವ ಮುಖದಲ್ಲಿ, ನಡುಮಟ್ಟಕ್ಕಿಂತ ಸ್ವಲ್ಪ ಕೆಳಗೆ ಸಾಮಾನು ಹಿಡಿಯಿರಿ. ತಗಡಿನ ಅಂಚು ಚಕ್ರಕ್ಕೆ ಎದುರಾಗಿ ನಿಲ್ಲಬಾರದು. ಬಫ್‌ನ ಬಟ್ಟೆ ಅಂಚನ್ನು ದಾಟಿ ಹೊರಕ್ಕೆ ಹೋಗುವ ಹಾಗಿರಬೇಕು. ಇಲ್ಲದಿದ್ದರೆ ಚಕ್ರ ಅಂಚನ್ನು ಕಚ್ಚಿಕೊಂಡು ಕೈಯಿಂದ ಕಿತ್ತು ಎಸೆಯುತ್ತದೆ. ಸಡಿಲ ಕೈಗವಸು, ಶಾಲು, ಕುತ್ತಿಗೆಯ ಸರ ಬೇಡ. ನಮ್ಮಲ್ಲಿ ಬಫ್ ಮುಂದೆ ಲುಂಗಿಗೆ ಪ್ರವೇಶವಿಲ್ಲ, ಯಾರೇ ಆಗಲಿ. ಕನ್ನಡಕ, ಮಾಸ್ಕ್ ಬೇಕೇ ಬೇಕು. ಹಾರುವ ನಾರು, ಲೋಹದ ಪುಡಿ ಎರಡೂ ಎದೆಗೆ ಒಳ್ಳೆಯದಲ್ಲ. ಅಲ್ಯೂಮಿನಿಯಂ ಉಜ್ಜಿದ ಪುಡಿ ಬಿದ್ದಿರುವಲ್ಲಿ ಸ್ಟೀಲ್ ಗ್ರೈಂಡ್ ಮಾಡಬೇಡಿ, ಕಿಡಿ ತಾಗಿದರೆ ಆ ಪುಡಿ ಹೊತ್ತಿಕೊಳ್ಳುತ್ತದೆ.

ಕೊನೆಗೆ ಒಂದು ದೂರು. ರೇಲಿಂಗ್ ಹಾಕಿ ಕೊಟ್ಟು ಬಂದ ವಾರದೊಳಗೆ ಫೋನ್ ಬರುತ್ತದೆ, ಎಲ್ಲ ಕಡೆ ಕಂದು ಹಿಡಿದಿದೆ ಅಂತ. ಹೋಗಿ ನೋಡಿದರೆ ಟೈಲ್ಸ್‌ನವರು ಸಿಮೆಂಟಿನ ಕಲೆ ತೆಗೆಯಲು ನೆಲಕ್ಕೆ ಆಸಿಡ್ ಹೊಯ್ದಿರುತ್ತಾರೆ. ಅದು ಹೈಡ್ರೋಕ್ಲೋರಿಕ್ ಆಸಿಡ್, ಅಪ್ಪಟ ಕ್ಲೋರೈಡ್. ರೇಲಿಂಗಿಗೆ ಒಂದು ಹನಿ ತಾಗಬೇಕೆಂದಿಲ್ಲ, ಬಾಗಿಲು ಹಾಕಿದ ಕೋಣೆಯಲ್ಲಿ ಅದರ ಹೊಗೆಯೇ ಸಾಕು, ರಾತ್ರಿ ಬೆಳಗಾಗುವುದರೊಳಗೆ ಹಸಿರು ಬಾರ್‌ನ ಹೊಳಪೆಲ್ಲ ಮುಗಿಯಿತು. ಬ್ಲೀಚಿಂಗ್ ಪೌಡರ್ ನೀರೂ ಅಷ್ಟೇ. ದಿನನಿತ್ಯಕ್ಕೆ ಬಾವಿ ನೀರು, ಚೂರು ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬಟ್ಟೆ, ಬೇರೇನೂ ಬೇಡ. ಮಳೆ ಇಲ್ಲದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆಯಿರಿ, ಸೂರಿನ ಕೆಳಗಿನದ್ದನ್ನು ಮತ್ತು ಪೈಪಿನ ಅಡಿಭಾಗವನ್ನು ಮರೆಯಬೇಡಿ. ಟೈಲ್ಸ್ ಕೆಲಸ ಬಾಕಿ ಇದ್ದರೆ ನನಗೆ ಮೊದಲೇ ಹೇಳಿ, ಅದು ಮುಗಿದ ಮೇಲೇ ರೇಲಿಂಗ್ ಕೂರಿಸುತ್ತೇನೆ. ತಡವಾಯಿತು ಅಂತ ಮಾತ್ರ ಬೈಯಬೇಡಿ.